ಪ್ರಮಾಣಿಸಿ ನೋಡು

ಸೂರ್ಯನು ಯಾವ ಸೌದೆಯನ್ನೂ ಉರಿಸಿ ನಮಗೆ ಬೆಳಕನ್ನು ಕೊಡುತ್ತಿಲ್ಲ. ಅವನ ಒಡಲಿನಲ್ಲಿ ಜಲಜನಕದ ಪರಮಾಣು ಬೀಜಗಳು ಒಂದರೊಡನೊಂದು ಕೂಡಿ ಹೀಲಿಯಂ ಆಗುತ್ತಿವೆ. ಹೀಗೆ ಕೂಡುವಾಗ ದ್ರವ್ಯದ ಅತ್ಯಲ್ಪ ಭಾಗವು ಅಪಾರವಾದ ಶಕ್ತಿಯಾಗಿ ಮಾರ್ಪಡುತ್ತದೆ. ಇದಕ್ಕೆ ಬೈಜಿಕ ಸಮ್ಮಿಲನವೆಂದು ಹೆಸರು. ಈ ಬೀಜಗಳೆಲ್ಲವೂ ಧನ ವಿದ್ಯುದಂಶವುಳ್ಳವು. ಆದುದರಿಂದ ಅವು ಒಂದನ್ನೊಂದು ದೂರಕ್ಕೆ ತಳ್ಳುತ್ತವೆ. ಈ ವಿರೋಧವನ್ನು ಮೀರಬೇಕಾದರೆ ಅವುಗಳಿಗೆ ಪ್ರಚಂಡವಾದ ವೇಗ ಬೇಕು. ಸೂರ್ಯನ ಕೇಂದ್ರದ ಉಷ್ಣತೆಯು ಸುಮಾರು ಒಂದೂವರೆ ಕೋಟಿ ಡಿಗ್ರಿ ಸೆಲ್ಸಿಯಸ್. ಅಂತಹ ಕುಲುಮೆಯಲ್ಲಿ ಮಾತ್ರ ನಡೆಯುವ ಈ ಕ್ರಿಯೆಯು ಮೇಜಿನ ಮೇಲಿಟ್ಟ ಗಾಜಿನ ಪಾತ್ರೆಯಲ್ಲಿಯೂ ನಡೆಯುವುದಾದರೆ, ಮನುಕುಲದ ಇಂಧನದ ಬವಣೆಯೇ ತೀರಿಹೋಗುವುದಲ್ಲವೆ?

1989ರ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದಲ್ಲಿ ಸ್ಟಾನ್ಲಿ ಪಾನ್ಸ್ ಮತ್ತು ಮಾರ್ಟಿನ್ ಫ್ಲೈಷ್‌ಮನ್ ಎಂಬ ರಸಾಯನ ವಿಜ್ಞಾನಿಗಳು ಇಂತಹುದೇ ಘೋಷಣೆಯನ್ನು ಮಾಡಿದರು. ಅವರು ಭಾರಜಲದಲ್ಲಿ ಪಲ್ಲೇಡಿಯಂ ಮತ್ತು ಪ್ಲಾಟಿನಂ ಲೋಹಗಳನ್ನು ಮುಳುಗಿಸಿ ವಿದ್ಯುತ್ತನ್ನು ಹರಿಸಿದ್ದರು. ಪಲ್ಲೇಡಿಯಂ ಲೋಹವು ಸ್ಪಂಜು ನೀರನ್ನು ಹೀರುವಂತೆ ಜಲಜನಕವನ್ನು ಹೀರುತ್ತದೆ. ಹೀಗೆ ಒಳಸೇರಿದ ಭಾರ ಜಲಜನಕದ ಬೀಜಗಳು ಲೋಹದೊಳಗೆ ಕೂಡಿಕೊಳ್ಳುತ್ತವೆಂದೂ, ಒದಗಿಸಿದ ವಿದ್ಯುತ್ತಿಗಿಂತ ಹೆಚ್ಚಿನ ಶಾಖವು ಹೊರಬರುತ್ತದೆಂದೂ ಅವರು ಸಾರಿದರು. ಈ ಕ್ರಿಯೆಗೆ ‘ಶೀತಲ ಸಮ್ಮಿಲನ’ ಎಂಬ ಹೆಸರು ಬಂದಿತು.

ಸುದ್ದಿಯು ಹಬ್ಬಿದೊಡನೆಯೇ ನಾನಾ ದೇಶಗಳ ಪ್ರಯೋಗಾಲಯಗಳು ಈ ಪ್ರಯೋಗವನ್ನು ಮಾಡಿನೋಡಲು ತೊಡಗಿದವು. ನಮ್ಮ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನ ಕೇಂದ್ರದ ಕೆಲವು ತಂಡಗಳೂ ಸಮ್ಮಿಲನದ ಕುರುಹುಗಳಾದ ನ್ಯೂಟ್ರಾನ್ ಮತ್ತು ಟ್ರಿಟಿಯಂಗಳನ್ನು ಕಂಡೆವೆಂದು ವರದಿ ಮಾಡಿದವು. ಆದರೆ ಒಬ್ಬರಿಗೆ ಕಂಡದ್ದು ಮತ್ತೊಬ್ಬರಿಗೆ ಕಾಣಲಿಲ್ಲ. ಇಂದು ಕಂಡದ್ದು ನಾಳೆ ಕಾಣಲಿಲ್ಲ. ಇನ್ನೊಂದು ತೊಡಕೂ ಇತ್ತು. ಅಷ್ಟೊಂದು ಶಾಖವು ವಿಜ್ಞಾನಕ್ಕೆ ತಿಳಿದಿರುವ ಬಗೆಯ ಸಮ್ಮಿಲನದಿಂದಲೇ ಹುಟ್ಟಿದ್ದರೆ, ಅದರೊಡನೆ ಹೊಮ್ಮುವ ನ್ಯೂಟ್ರಾನ್‌ಗಳು ಪಾತ್ರೆಯ ಬಳಿ ನಿಂತವರ ಪ್ರಾಣಕ್ಕೇ ಎರವಾಗಬೇಕಾಗಿತ್ತು. ಹಾಗೇನೂ ಆಗಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಇಂಧನ ಇಲಾಖೆಯ ತಜ್ಞರ ಸಮಿತಿಯು, ಮುಂದಿಟ್ಟ ಸಾಕ್ಷ್ಯವು ನಂಬಲು ಸಾಲದೆಂದು ಹೇಳಿತು.

ಅಷ್ಟಕ್ಕೇ ಆಸೆಯು ಅಳಿಯಲಿಲ್ಲ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾನಿಲಯದ ಮಿಜುನೊ ಮತ್ತು ಓಮೊರಿ ಎಂಬವರು ಬೇರೊಂದು ಹಾದಿಯನ್ನು ಹಿಡಿದರು. ಸಾಮಾನ್ಯ ನೀರಿನಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಲವಣವನ್ನು ಕರಗಿಸಿ, ಟಂಗ್‌ಸ್ಟನ್ ಲೋಹದ ಸರಳನ್ನು ಋಣಾಗ್ರವಾಗಿ ಅದರಲ್ಲಿ ಇಳಿಬಿಟ್ಟು, ನೂರಕ್ಕೂ ಹೆಚ್ಚು ವೋಲ್ಟುಗಳ ವಿದ್ಯುತ್ತನ್ನು ಹರಿಸಿದರು. ಆಗ ಸರಳಿನ ಸುತ್ತ ಆವಿಯ ತೆಳುಪೊರೆಯೊಂದು ಕಟ್ಟಿಕೊಳ್ಳುತ್ತದೆ. ವಿದ್ಯುತ್ತು ಆ ಪೊರೆಯನ್ನು ಭೇದಿಸಿಕೊಂಡು ಹಾಯುವಾಗ ಅನಿಲವು ಪ್ಲಾಸ್ಮಾ ಎಂಬ ವಿದ್ಯುನ್ಮಯ ಸ್ಥಿತಿಯನ್ನು ತಾಳಿ, ನೀರಿನೊಳಗೇ ಕಣ್ಣು ಕೋರೈಸುವಂತೆ ಬೆಳಗುತ್ತದೆ. ಇದೇ ಪ್ಲಾಸ್ಮಾ ವಿದ್ಯುದ್ವಿಭಜನೆ. ಇದರಲ್ಲಿ ಹೆಚ್ಚುವರಿ ಶಾಖವು ದೊರೆಯಿತೆಂದು 2000ದಲ್ಲಿ ಪ್ರಕಟವಾದ ಅವರ ಪ್ರಬಂಧವು ಹೇಳಿತು.

ಪಲ್ಲೇಡಿಯಮ್ಮೂ ಭಾರಜಲವೂ ಬಡವನ ಕೈಗೆ ಎಟುಕುವ ವಸ್ತುಗಳಲ್ಲ. ಟಂಗ್‌ಸ್ಟನ್ ಸರಳಾದರೋ ಲೋಹಗಳಿಗೆ ಬೆಸುಗೆ ಹಾಕುವವರ ಬಳಿ ದೊರೆಯುತ್ತದೆ. ಆದುದರಿಂದ ಅನೇಕ ಹವ್ಯಾಸಿಗಳು ತಮ್ಮ ಮನೆಯ ಕೋಣೆಗಳಲ್ಲಿಯೇ ಈ ಪ್ರಯೋಗಕ್ಕೆ ಕೈಹಾಕಿದರು. ಕೆಲವರು ತಮಗೂ ಹೆಚ್ಚುವರಿ ಶಾಖವು ದೊರೆಯಿತೆಂದು ಸಂಭ್ರಮಿಸಿದರು. ನೀರಿನಲ್ಲಿ ಬೆಳಕು ಮೂಡಿದ್ದು ನಿಜ, ನೀರು ಕುದಿದದ್ದೂ ನಿಜ. ಆದರೆ ಹೆಚ್ಚುವರಿ ಎಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ; ಅದು ಲೆಕ್ಕದಿಂದ ತಿಳಿಯಬೇಕಾದದ್ದು.

ಲೆಕ್ಕವು ತಪ್ಪುವ ಬಗೆಯನ್ನು ನೋಡೋಣ. ಒಂದು ಗ್ರಾಂ ಕುದಿಯುವ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಶಾಖ ಬೇಕೆಂಬುದನ್ನು ನೀವು ಬಲ್ಲಿರಿ. ಪ್ರಯೋಗದ ಕೊನೆಯಲ್ಲಿ ಪಾತ್ರೆಯ ನೀರು 100 ಗ್ರಾಂ ಕಡಿಮೆಯಾಯಿತೆನ್ನಿ. ಅದೆಲ್ಲವೂ ಆವಿಯಾಯಿತೆಂದು ಭಾವಿಸಿದರೆ 54,000 ಕ್ಯಾಲೊರಿ ವೆಚ್ಚವಾಗಿರಬೇಕು. ಆದರೆ ಕೊತಕೊತ ಕುದಿಯುವ ಪಾತ್ರೆಯಿಂದ 20 ಗ್ರಾಂ ನೀರು ಆವಿಯಾಗದೆ ಹನಿಹನಿಯಾಗಿ ಸಿಡಿದುಹೋಗಿದ್ದರೆ, ನಿಜವಾದ ವೆಚ್ಚ 43,200 ಕ್ಯಾಲೊರಿ ಮಾತ್ರ. ಉಳಿದ 10,800 ಕ್ಯಾಲೊರಿಯು ಯಾವ ಸಮ್ಮಿಲನದಿಂದಲೂ ಬಂದದ್ದಲ್ಲ. ನಮ್ಮ ಎಣಿಕೆಯ ದೋಷದಿಂದ ಹುಟ್ಟಿದ್ದು. ಇದನ್ನು ಪತ್ತೆಹಚ್ಚುವ ಉಪಾಯವೂ ಸರಳವಾಗಿದೆ. ಆವಿಯು ಲವಣವನ್ನು ಒಯ್ಯುವುದಿಲ್ಲ, ಹನಿಯು ಒಯ್ಯುತ್ತದೆ. ಪಾತ್ರೆಯಲ್ಲಿ ಉಳಿದ ಲವಣವನ್ನು ಅಳೆದರೆ ನಿಜವು ಹೊರಬೀಳುತ್ತದೆ.

ಒಳಗೆ ಹೋಗುವ ವಿದ್ಯುತ್ತಿನ ಲೆಕ್ಕವೂ ಸುಲಭವಲ್ಲ. ಪ್ಲಾಸ್ಮಾ ಉರಿಯುವಾಗ ವಿದ್ಯುತ್ಪ್ರವಾಹವು ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಸಾಮಾನ್ಯ ಮಾಪಕಗಳು ಅದನ್ನು ಸರಿಯಾಗಿ ಹಿಂಬಾಲಿಸಲಾರವು. ಆದುದರಿಂದ ಎಚ್ಚರವುಳ್ಳ ಪ್ರಯೋಗಶೀಲನು ಅಷ್ಟೇ ಶಕ್ತಿಯ ಸಾಮಾನ್ಯ ಕಾಯಿಸುವ ಸುರುಳಿಯನ್ನು ಅದೇ ಪಾತ್ರೆಯಲ್ಲಿಟ್ಟು, ಎರಡರ ಫಲವನ್ನೂ ಹೋಲಿಸಿ ನೋಡುತ್ತಾನೆ.

ಈ ಪ್ರಯೋಗವನ್ನು ವಿದ್ಯಾರ್ಥಿಗಳು ಎಂದಿಗೂ ಮಾಡಿನೋಡಕೂಡದು. ಇಲ್ಲಿ ಬಳಸುವ ವಿದ್ಯುತ್ತು ಪ್ರಾಣಾಪಾಯಕಾರಿ. ಹೊರಬರುವ ಜಲಜನಕವೂ ಆಮ್ಲಜನಕವೂ ಬೆರೆತರೆ ಒಂದು ಕಿಡಿಗೇ ಸಿಡಿಯುತ್ತವೆ. 1992ರಲ್ಲಿ ಕ್ಯಾಲಿಫೋರ್ನಿಯದ ಸುಸಜ್ಜಿತ ಪ್ರಯೋಗಾಲಯವೊಂದರಲ್ಲಿಯೇ ಶೀತಲ ಸಮ್ಮಿಲನದ ಪಾತ್ರೆಯು ಸಿಡಿದು ಸಂಶೋಧಕರೊಬ್ಬರು ಪ್ರಾಣವನ್ನು ತೆತ್ತರು.

ಗೂಗಲ್ ಸಂಸ್ಥೆಯ ನೆರವಿನಿಂದ ಸುಮಾರು 30 ಸಂಶೋಧಕರು ವರ್ಷಗಟ್ಟಲೆ ದುಡಿದು, ಶೀತಲ ಸಮ್ಮಿಲನಕ್ಕೆ ಯಾವ ಸಾಕ್ಷ್ಯವೂ ದೊರೆಯಲಿಲ್ಲವೆಂದು 2019ರಲ್ಲಿ ತಿಳಿಸಿದರು. ಆದರೆ ಶಾಖವನ್ನು ಇನ್ನಷ್ಟು ನಿಖರವಾಗಿ ಅಳೆಯುವ ವಿಧಾನಗಳು ಆ ದುಡಿಮೆಯಿಂದ ದೊರೆತವು. ಪ್ರಾಮಾಣಿಕವಾದ ಶ್ರಮವು ಎಂದೂ ಬರಿದಾಗುವುದಿಲ್ಲ.

ಹಿಂದೆ 1926ರಲ್ಲಿ ಬರ್ಲಿನ್ನಿನ ಪಾನೆತ್ ಮತ್ತು ಪೀಟರ್ಸ್ ಎಂಬ ವಿಜ್ಞಾನಿಗಳು ಪಲ್ಲೇಡಿಯಂನಲ್ಲಿ ಜಲಜನಕವು ಹೀಲಿಯಂ ಆಯಿತೆಂದು ಪ್ರಕಟಿಸಿದ್ದರು. ಅನಂತರ ತಾವೇ ಮತ್ತೆ ಪರೀಕ್ಷಿಸಿ, ಆ ಹೀಲಿಯಂ ಉಪಕರಣದ ಗಾಜಿನಿಂದಲೇ ಹೊರಬಿದ್ದದ್ದೆಂದು ಕಂಡುಕೊಂಡು, ಮರುವರ್ಷವೇ ತಮ್ಮ ಹೇಳಿಕೆಯನ್ನು ಹಿಂದೆಗೆದುಕೊಂಡರು. ಹೊಸತನ್ನು ಕಂಡೆನೆಂದು ಹೇಳಲು ಉತ್ಸಾಹವಿದ್ದರೆ ಸಾಕು. ಕಂಡದ್ದು ತಪ್ಪೆಂದು ಒಪ್ಪಲು ಧೈರ್ಯ ಬೇಕು. ಶಾಲೆಯ ಪ್ರಯೋಗಶಾಲೆಯಲ್ಲಿ ಪುಸ್ತಕದ ಉತ್ತರಕ್ಕೆ ಹೊಂದುವಂತೆ ಅಳತೆಯನ್ನು ತಿದ್ದಿ ಬರೆಯಬೇಕೆಂಬ ಆಸೆಯು ನಿಮ್ಮಲ್ಲಿ ಮೂಡಿದಾಗ ಈ ಇಬ್ಬರನ್ನು ನೆನೆಯಿರಿ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದು ಇಂತಹ ಗಳಿಗೆಗಾಗಿಯೇ.