ಪ್ರವಾದನೆ ಪಂಚಾಂಗವಲ್ಲ

2018ರ ಮೇ 14ರಂದು ಅಮೆರಿಕ ತನ್ನ ರಾಯಭಾರ ಕಚೇರಿಯನ್ನು ಟೆಲ್ ಅವೀವ್‌ನಿಂದ ಜೆರುಸಲೇಮಿಗೆ ಸ್ಥಳಾಂತರಿಸಿತು. ಸಮಾರಂಭದ ಆರಂಭದಲ್ಲಿ ಡಲ್ಲಾಸ್ ನಗರದ ಪಾದ್ರಿ ರಾಬರ್ಟ್ ಜೆಫ್ರೆಸ್, ಕೊನೆಯಲ್ಲಿ ಸ್ಯಾನ್ ಆಂಟೋನಿಯೊದ ಪಾದ್ರಿ ಜಾನ್ ಹೇಗಿ ಪ್ರಾರ್ಥನೆ ಸಲ್ಲಿಸಿದರು. ಇಬ್ಬರೂ ಇವಾಂಜೆಲಿಕಲ್ ಪಂಥದ ಹೆಸರಾಂತ ಬೋಧಕರು. ಅದೇ ದಿನ ಗಾಜಾ ಗಡಿಯಲ್ಲಿನ ಪ್ರತಿಭಟನೆಯ ವೇಳೆ ಸುಮಾರು 60 ಪ್ಯಾಲೆಸ್ಟೀನಿಯರು ಇಸ್ರೇಲಿ ಸೈನಿಕರ ಗುಂಡಿಗೆ ಬಲಿಯಾದರು. ಒಂದು ದೇಶದ ವಿದೇಶಾಂಗ ನೀತಿಯ ತೀರ್ಮಾನಕ್ಕೆ ಈ ಪಾದ್ರಿಗಳ ಆಶೀರ್ವಾದ ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ಪೂರ್ಣ ಉತ್ತರ ರಾಜತಾಂತ್ರಿಕ ಕಡತಗಳಲ್ಲಿ ಸಿಗುವುದಿಲ್ಲ. ದಾನಿಯೇಲ, ಯೆಹೆಜ್ಕೇಲ ಮತ್ತು ಪ್ರಕಟನೆ ಗ್ರಂಥಗಳನ್ನು ಒಂದು ವರ್ಗದ ಕ್ರೈಸ್ತರು ಓದಿಕೊಂಡು ಬಂದಿರುವ ಕ್ರಮದಲ್ಲಿ ಅದನ್ನು ಹುಡುಕಬೇಕು.

ನಾನೂ ಆ ಸುವಾರ್ತಾ ಪರಂಪರೆಗೆ ಸೇರಿದವನೇ. ಸತ್ಯವೇದ ದೇವರ ವಾಕ್ಯವೆಂದು, ಕ್ರಿಸ್ತನ ಎರಡನೆಯ ಬರೋಣ ನಿಶ್ಚಿತವೆಂದು ನಂಬುವವನು. ಆದ್ದರಿಂದ ಇದು ಹೊರಗೆ ನಿಂತು ಆಡುವ ಕುಹಕವಲ್ಲ. ನನ್ನ ತಕರಾರು ಅಂತ್ಯಕಾಲದ ನಿರೀಕ್ಷೆಯ ಬಗ್ಗೆ ಅಲ್ಲ. ಆ ನಿರೀಕ್ಷೆಯನ್ನು ವೇಳಾಪಟ್ಟಿಯನ್ನಾಗಿ, ಬಳಿಕ ಆ ವೇಳಾಪಟ್ಟಿಯನ್ನು ರಾಜಕೀಯ ಕಾರ್ಯಕ್ರಮವನ್ನಾಗಿ ಪರಿವರ್ತಿಸಿರುವುದರ ಬಗ್ಗೆ. ಇದರಿಂದ ರಾಜಕೀಯಕ್ಕೆ ಎಷ್ಟು ಹಾನಿಯಾಗಿದೆಯೋ ವಿಶ್ವಾಸಕ್ಕೂ ಅಷ್ಟೇ ಹಾನಿಯಾಗಿದೆ.

ಇಂದು ಲಕ್ಷಾಂತರ ಜನ ಸಾಕ್ಷಾತ್ ಸತ್ಯವೇದದ ಬೋಧನೆಯೆಂದೇ ಭಾವಿಸಿರುವ ಅಂತ್ಯಕಾಲದ ನಕ್ಷೆ ಅಷ್ಟೇನೂ ಪ್ರಾಚೀನವಲ್ಲ. ಸಭೆ ಗುಟ್ಟಾಗಿ ಆಕಾಶಕ್ಕೆ ಎತ್ತಲ್ಪಡುವುದು, ಏಳು ವರ್ಷಗಳ ಮಹಾಸಂಕಟ, ಕ್ರಿಸ್ತವಿರೋಧಿಯ ಆಳ್ವಿಕೆ, ಹರ್ಮಗೆದೋನಿನ ಯುದ್ಧ, ನಂತರ ಸಾವಿರ ವರ್ಷಗಳ ರಾಜ್ಯ ಎಂಬ ಕ್ರಮವನ್ನು ಒಂದು ವ್ಯವಸ್ಥೆಯಾಗಿ ಹೆಣೆದು ಪ್ರಚಾರ ಮಾಡಿದವನು 19ನೇ ಶತಮಾನದ ಜಾನ್ ನೆಲ್ಸನ್ ಡಾರ್ಬಿ. 1909ರಲ್ಲಿ ಪ್ರಕಟವಾದ ಸ್ಕೋಫೀಲ್ಡ್ ಬೈಬಲ್ ಈ ವ್ಯಾಖ್ಯಾನವನ್ನು ಮೂಲಪಾಠದ ಪುಟದಲ್ಲೇ ಟಿಪ್ಪಣಿಯಾಗಿ ಅಚ್ಚು ಹಾಕಿತು. ಮೇಲೆ ವಾಕ್ಯ, ಕೆಳಗೆ ಟಿಪ್ಪಣಿ. ಕಾಲಕ್ರಮೇಣ ಸಾಮಾನ್ಯ ಓದುಗನ ಮನಸ್ಸಿನಲ್ಲಿ ಇವೆರಡರ ನಡುವಿನ ಗೆರೆ ಅಳಿಸಿಹೋಯಿತು. ಅಗಸ್ಟೀನ, ಲೂಥರ್, ಕ್ಯಾಲ್ವಿನ್ ಇವರಲ್ಲಿ ಯಾರೂ ಈ ನಕ್ಷೆಯನ್ನು ಬೋಧಿಸಿದವರಲ್ಲ ಎಂಬ ಸಂಗತಿ ನಮ್ಮ ಸಭೆಗಳಲ್ಲಿ ಪ್ರಸ್ತಾಪವಾಗುವುದೇ ವಿರಳ.

ಲೆಕ್ಕಾಚಾರದ ಇತಿಹಾಸವನ್ನು ನೋಡಿದರೆ ಅದು ಸೋಲುಗಳ ಸರಮಾಲೆ. ನ್ಯೂಯಾರ್ಕ್ ರಾಜ್ಯದ ರೈತ ವಿಲಿಯಂ ಮಿಲ್ಲರ್, ದಾನಿಯೇಲನ 2,300 ದಿನಗಳನ್ನು ವರ್ಷಗಳೆಂದು ಎಣಿಸಿದ. ಅವನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತ ಬರುವನೆಂದು ಕಾದರು. ಕೆಲವರು ಬೆಳೆದ ಬೆಳೆಯನ್ನು ಕೊಯ್ಯದೆ ಹೊಲದಲ್ಲೇ ಬಿಟ್ಟಿದ್ದರು. 1970ರಲ್ಲಿ ಹ್ಯಾಲ್ ಲಿಂಡ್ಸೆ ಬರೆದ ಅಂತ್ಯಕಾಲದ ಪುಸ್ತಕ ಆ ದಶಕದ ಅತಿ ಹೆಚ್ಚು ಮಾರಾಟವಾದ ಕೃತಿಗಳಲ್ಲೊಂದು. 1948ರ ಇಸ್ರೇಲ್ ಸ್ಥಾಪನೆಗೆ ಒಂದು ತಲೆಮಾರನ್ನು, ಅಂದರೆ ಸುಮಾರು 40 ವರ್ಷಗಳನ್ನು ಕೂಡಿಸಿದರೆ ಅಂತ್ಯ ಹತ್ತಿರವಿದೆ ಎಂಬ ಸೂಚನೆ ಅದರಲ್ಲಿತ್ತು. ಪ್ರವಾದನೆಯ ಹತ್ತು ಕೊಂಬುಗಳ ಮೃಗವೆಂದರೆ ಯುರೋಪಿನ ಆರ್ಥಿಕ ಸಮುದಾಯ ಎಂದೂ ಹೇಳಲಾಯಿತು. 1981ರಲ್ಲಿ ಗ್ರೀಸ್ ಹತ್ತನೆಯ ಸದಸ್ಯನಾದಾಗ ಅನೇಕರಿಗೆ ರೋಮಾಂಚನವಾಯಿತು. 1986ರಲ್ಲಿ ಸ್ಪೇನ್, ಪೋರ್ಚುಗಲ್ ಸೇರಿ ಸಂಖ್ಯೆ ಹನ್ನೆರಡಾಯಿತು. ಮೃಗದ ಕೊಂಬುಗಳು ಮಾತ್ರ ಹತ್ತೇ ಉಳಿದವು.

ಸೋವಿಯತ್ ಒಕ್ಕೂಟವೇ ಯೆಹೆಜ್ಕೇಲ ಹೇಳಿದ ಗೋಗನ ನಾಡು ಎಂಬ ವ್ಯಾಖ್ಯಾನಕ್ಕೂ ಇದೇ ಗತಿ ಬಂತು. ಶೀತಲ ಸಮರ ಮುಗಿಯುತ್ತಿದ್ದ ಹೊತ್ತಿಗೆ, 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ, ಡಲ್ಲಾಸ್ ದೇವಶಾಸ್ತ್ರ ವಿದ್ಯಾಲಯದ ಅಧ್ಯಕ್ಷರಾಗಿದ್ದ ಜಾನ್ ವಾಲ್ವೂರ್ಡ್ ತಮ್ಮ 1974ರ ಪುಸ್ತಕವನ್ನು ಪರಿಷ್ಕರಿಸಿ ಮತ್ತೆ ಹೊರತಂದರು. ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 1994 ಕಳೆದ ಮೇಲೆ 2011ರ ಮೇ 21 ಎಂದರು, ಅದೂ ಕಳೆದಾಗ ಅಕ್ಟೋಬರ್ 21 ಎಂದರು. ಮರುವರ್ಷ ಅವರು ದಿನಾಂಕ ನಿಗದಿಪಡಿಸಿದ್ದು ಪಾಪವೆಂದು ಒಪ್ಪಿಕೊಂಡರು. ಅಷ್ಟರಲ್ಲಿ ಪ್ರಚಾರ ಫಲಕಗಳಿಗಾಗಿ ತಮ್ಮ ಉಳಿತಾಯವನ್ನು ಸುರಿದವರ ಹಣ ಕರಗಿಹೋಗಿತ್ತು. ಇಂಥ ಪ್ರಸಂಗಗಳಲ್ಲಿ ಭವಿಷ್ಯ ನುಡಿದವರಿಗಿಂತ ನಂಬಿದವರೇ ಹೆಚ್ಚು ಬೆಲೆ ತೆರುತ್ತಾರೆ. ಹಣ ಹೋದದ್ದು ಸಣ್ಣ ಮಾತು; ಎಷ್ಟೋ ಮಂದಿ ದೇವರಲ್ಲಿಟ್ಟ ಭರವಸೆಯನ್ನೇ ಕಳೆದುಕೊಂಡು ಸಭೆಯಿಂದ ದೂರವಾಗುತ್ತಾರೆ.

ಇಷ್ಟಾದರೂ ಈ ನಕ್ಷೆ ರಾಜಕೀಯದಲ್ಲಿ ಬಲಗೊಂಡದ್ದು ಹೇಗೆ? ಅಮೆರಿಕದ ಬೋಧಕ ಜೆರ್ರಿ ಫಾಲ್ವೆಲ್ 1965ರಲ್ಲಿ, ಪಾದ್ರಿಗಳ ಕೆಲಸ ಆತ್ಮಗಳನ್ನು ಗೆಲ್ಲುವುದೇ ಹೊರತು ರಾಜಕೀಯ ಮಾಡುವುದಲ್ಲ ಎಂಬರ್ಥದ ಉಪದೇಶ ಮಾಡಿದ್ದರು. ಅದು ಕರಿಯರ ನಾಗರಿಕ ಹಕ್ಕುಗಳ ಚಳವಳಿಯಲ್ಲಿ ಪಾದ್ರಿಗಳು ಮೆರವಣಿಗೆ ಹೊರಟಿದ್ದ ಕಾಲ. 1979ರಲ್ಲಿ ಅದೇ ಫಾಲ್ವೆಲ್ 'ಮಾರಲ್ ಮೆಜಾರಿಟಿ' ಎಂಬ ರಾಜಕೀಯ ಸಂಘಟನೆ ಕಟ್ಟಿದರು. 2006ರಲ್ಲಿ ಜಾನ್ ಹೇಗಿ ಇಸ್ರೇಲ್ ಪರ ಕ್ರೈಸ್ತರ ಸಂಘಟನೆಯನ್ನು ಆರಂಭಿಸಿದರು. 2016, 2020 ಮತ್ತು 2024ರ ಅಧ್ಯಕ್ಷೀಯ ಚುನಾವಣೆಗಳಲ್ಲಿ ಬಿಳಿಯ ಇವಾಂಜೆಲಿಕಲ್ ಮತದಾರರಲ್ಲಿ ಹತ್ತಕ್ಕೆ ಎಂಟರಷ್ಟು ಮಂದಿ ಡೊನಾಲ್ಡ್ ಟ್ರಂಪ್ ಅವರಿಗೆ ಮತ ನೀಡಿದರೆಂದು ಸಮೀಕ್ಷೆಗಳು ತಿಳಿಸಿದವು. ಅವರೆಲ್ಲರೂ ಪ್ರವಾದನೆಯ ಕಾರಣಕ್ಕೇ ಮತ ಹಾಕಿದರು ಎನ್ನುವುದು ತಪ್ಪಾದೀತು. ಗರ್ಭಪಾತ, ನ್ಯಾಯಾಧೀಶರ ನೇಮಕ ಮುಂತಾದ ಬೇರೆ ಕಾರಣಗಳಿದ್ದವು. ಆದರೆ ಯೆಹೂದ್ಯರನ್ನು ಸೆರೆಯಿಂದ ಬಿಡಿಸಿದ ಪಾರಸಿಯ ರಾಜ ಕೋರೆಷನಿಗೆ ಟ್ರಂಪ್ ಅವರನ್ನು ಹೋಲಿಸಿದ ಬೋಧಕರು, ಮತಪೆಟ್ಟಿಗೆಯ ನಿರ್ಣಯಕ್ಕೆ ದೈವಸಂಕಲ್ಪದ ಮುದ್ರೆ ಒತ್ತಿದರು. ಮುದ್ರೆ ಬಿದ್ದ ಮೇಲೆ ಪ್ರಶ್ನಿಸುವುದೇ ಅವಿಶ್ವಾಸ ಎನಿಸಿಕೊಳ್ಳುತ್ತದೆ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಈ ನಕ್ಷೆಯ ಪ್ರಕಾರ ಕ್ರಿಸ್ತವಿರೋಧಿ ಬರುವುದೇ ಶಾಂತಿ ಒಪ್ಪಂದದ ವೇಷದಲ್ಲಿ. ಹೀಗಾಗಿ ಮಧ್ಯಪ್ರಾಚ್ಯದಲ್ಲಿ ಸಂಧಾನಕ್ಕೆ ಪ್ರಯತ್ನಿಸುವವರೆಲ್ಲ ಸಂಶಯಕ್ಕೆ ಪಾತ್ರರಾಗುತ್ತಾರೆ. ಯುದ್ಧದ ಸುದ್ದಿ ಗಡಿಯಾರ ಸರಿಯಾಗಿ ನಡೆಯುತ್ತಿದೆ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಶಾಂತಿ ಮಾಡುವವರನ್ನು ಧನ್ಯರೆಂದು ಕರೆದ ಗುರುವಿನ ಶಿಷ್ಯರು ಶಾಂತಿಗೆ ಹೆದರುವಂತಾಗಿದೆ. 1995ರಿಂದ 2007ರವರೆಗೆ ಹದಿನಾರು ಸಂಪುಟಗಳಲ್ಲಿ ಬಂದ 'ಲೆಫ್ಟ್ ಬಿಹೈಂಡ್' ಕಾದಂಬರಿ ಮಾಲೆಯಲ್ಲಿ ವಿಶ್ವಸಂಸ್ಥೆಯ ಮುಖ್ಯಸ್ಥನೇ ಕ್ರಿಸ್ತವಿರೋಧಿ. ಆ ಪುಸ್ತಕಗಳ ಆರು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಇದನ್ನು ಕೇವಲ ಮನರಂಜನೆ ಎಂದು ತಳ್ಳಿಹಾಕಲಾಗದು.

ನಕ್ಷೆಯೊಳಗೆ ಮನುಷ್ಯರಿಗೆ ಸಿಗುವ ಸ್ಥಾನವನ್ನು ಗಮನಿಸಬೇಕು. ಇಸ್ರೇಲನ್ನು ಅಪಾರವಾಗಿ ಪ್ರೀತಿಸುವುದಾಗಿ ಹೇಳುವ ಈ ವ್ಯಾಖ್ಯಾನದ ಕಡೆಯ ಅಂಕದಲ್ಲಿ ಯೆಹೂದ್ಯರಲ್ಲಿ ಬಹುಪಾಲು ಜನ ಸಾಯುತ್ತಾರೆ, ಉಳಿದವರು ಮತಾಂತರಗೊಳ್ಳುತ್ತಾರೆ. ಪ್ಯಾಲೆಸ್ಟೀನಿನ ಕ್ರೈಸ್ತರಿಗಂತೂ ಅಲ್ಲಿ ಪಾತ್ರವೇ ಇಲ್ಲ. ಅರಬ್ಬಿಯಲ್ಲಿ ಪ್ರಾರ್ಥಿಸುವ, ಮೊದಲ ಶತಮಾನದಿಂದಲೂ ಆ ನೆಲದಲ್ಲಿ ಆರದೆ ಉರಿದ ಸಭೆಯ ವಾರಸುದಾರರು ಅವರು. ಒಂದು ಕಾಲಕ್ಕೆ ಕ್ರೈಸ್ತರೇ ಬಹುಸಂಖ್ಯಾತರಾಗಿದ್ದ ಬೆತ್ಲೆಹೇಮಿನಲ್ಲಿ ಈಗ ಅವರು ಅಲ್ಪಸಂಖ್ಯಾತರು. 2009ರಲ್ಲಿ ಅವರು 'ಕೈರೋಸ್ ಪ್ಯಾಲೆಸ್ಟೈನ್' ಎಂಬ ಹೇಳಿಕೆಯ ಮೂಲಕ ಜಗತ್ತಿನ ಸಭೆಗಳಿಗೆ ಮೊರೆಯಿಟ್ಟರು. 2023ರ ಕ್ರಿಸ್‌ಮಸ್‌ಗೆ ಬೆತ್ಲೆಹೇಮಿನ ಲೂಥರನ್ ಸಭೆಯವರು ಶಿಶು ಯೇಸುವನ್ನು ಗೋದಲಿಯಲ್ಲಿಡದೆ ಕಾಂಕ್ರೀಟಿನ ಅವಶೇಷಗಳ ನಡುವೆ ಇಟ್ಟರು. 2022ರಲ್ಲಿ ದೇವಾಲಯದ ಶುದ್ಧೀಕರಣ ವಿಧಿಗೆಂದು ಟೆಕ್ಸಾಸ್‌ನಿಂದ ಇಸ್ರೇಲಿಗೆ ಸಾಗಿಸಿದ ಐದು ಕೆಂಪು ಕಡಸುಗಳ ಬಗ್ಗೆ ನಮ್ಮ ಬೋಧಕರಲ್ಲಿ ಕಂಡ ಕುತೂಹಲ, ಈ ಸಹವಿಶ್ವಾಸಿಗಳ ಬಗ್ಗೆ ಕಾಣಲಿಲ್ಲ. ಇದು ನನ್ನನ್ನು ಕಲಕಿರುವ ಸಂಗತಿ.

ಹಾಗೆಂದು ಅಂತ್ಯಕಾಲವನ್ನು ನಂಬುವವರೆಲ್ಲ ಲೋಕದ ನೋವಿಗೆ ಕುರುಡರು ಎಂಬ ಟೀಕೆಯೂ ನ್ಯಾಯವಲ್ಲ. ರೇಗನ್ ಸಂಪುಟದ ಒಳಾಡಳಿತ ಕಾರ್ಯದರ್ಶಿ ಜೇಮ್ಸ್ ವಾಟ್ 1981ರಲ್ಲಿ ಸಂಸತ್ತಿನ ಸಮಿತಿಯ ಮುಂದೆ, ಕರ್ತನು ಬರುವ ಮುನ್ನ ಎಷ್ಟು ತಲೆಮಾರುಗಳಿವೆಯೋ ತಿಳಿಯದು ಎಂದರು. ಆದರೆ ಅದೇ ಉಸಿರಿನಲ್ಲಿ, ಮುಂದಿನ ತಲೆಮಾರುಗಳಿಗೆ ಸಂಪನ್ಮೂಲ ಉಳಿಯುವಂತೆ ನಿರ್ವಹಿಸಬೇಕು ಎಂದೂ ಹೇಳಿದ್ದರು. ಎರಡನೆಯ ಭಾಗವನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಉದ್ಧರಿಸುವ ಚಾಳಿ ಬಹುಕಾಲ ನಡೆಯಿತು. ಇಂಗ್ಲೆಂಡಿನ ಲಾರ್ಡ್ ಶಾಫ್ಟ್ಸ್‌ಬರಿ ಕ್ರಿಸ್ತನ ಶೀಘ್ರ ಬರೋಣವನ್ನು, ಯೆಹೂದ್ಯರು ಪ್ಯಾಲೆಸ್ಟೀನಿಗೆ ಮರಳುವುದನ್ನು ಗಾಢವಾಗಿ ನಂಬಿದ್ದವರು. 1842ರಲ್ಲಿ ಗಣಿಗಳ ಒಳಗೆ ಹೆಂಗಸರು ಮತ್ತು ಹತ್ತು ವರ್ಷದೊಳಗಿನ ಹುಡುಗರು ದುಡಿಯುವುದನ್ನು ನಿಷೇಧಿಸಿದ ಕಾನೂನಿನ ಹಿಂದೆ ಇದ್ದವರೂ ಅವರೇ. ಒಡೆಯ ಬಂದು ಲೆಕ್ಕ ಕೇಳುತ್ತಾನೆಂಬ ಅರಿವು ಅವರನ್ನು ದುಡಿಯುವ ಮಗುವಿನ ಬಳಿಗೆ ಕರೆದೊಯ್ಯಿತು.

ಕನ್ನಡಿಗರಿಗೂ ಈ ಚರ್ಚೆಯೊಂದಿಗೆ ನಂಟಿದೆ. ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತ್ಯದ ಭಕ್ತಿಪಂಥದ ಪಂಡಿತ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್, ಸಹಸ್ರವರ್ಷದ ಯುಗ 1836ರಲ್ಲಿ ಆರಂಭವಾಗುವುದೆಂದು 18ನೇ ಶತಮಾನದಲ್ಲೇ ಗಣಿಸಿದ್ದರು. ಆ ಪ್ರಾಂತ್ಯದ ಹಲವು ಕುಟುಂಬಗಳು 1817ರ ಸುಮಾರಿಗೆ, ಅಂತ್ಯ ಸಮೀಪಿಸಿತೆಂದು ಮನೆಮಾರು ತೊರೆದು ಆಶ್ರಯ ಹುಡುಕುತ್ತ ಕಾಕಸಸ್ ಕಡೆಗೆ ಹೊರಟವು. ಅದೇ ಭಕ್ತಿಪಂಥದ ನೆಲದಲ್ಲಿ ಬೇರೂರಿದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1836 ಬಂತು, ಹೋಯಿತು. ಮಿಷನ್ನಿನವರು ಶಾಲೆ ತೆರೆದರು, ಮುದ್ರಣಾಲಯ ಹಾಕಿದರು, ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆ ನಡೆಸಿದರು. ವ್ಯುರ್ಟೆಂಬರ್ಗಿನವರೇ ಆದ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. ಅದೇ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ ಅವರ ನಿಘಂಟು 1894ರಲ್ಲಿ ಪ್ರಕಟವಾಯಿತು. ಲೋಕ ಇಂದೋ ನಾಳೆಯೋ ಮುಗಿಯುವುದೆಂದು ಲೆಕ್ಕ ಹಾಕಿ ಕುಳಿತವರು ನಿಘಂಟು ರಚಿಸಲಾರರು. ಮಿಷನ್ನಿನವರಿಗೂ ಅವರದೇ ಆದ ಮಿತಿಗಳಿದ್ದವು. ಆದರೆ ಕಾಯುವುದು ಎಂದರೆ ಕೆಲಸ ಮಾಡುವುದು ಎಂಬುದು ಅವರಿಗೆ ತಿಳಿದಿತ್ತು.

ಸತ್ಯವೇದವೂ ಇದನ್ನೇ ಕಲಿಸುತ್ತದೆ ಎಂದು ನಾನು ತಿಳಿದಿದ್ದೇನೆ. ಆ ದಿನವಾಗಲಿ ಗಳಿಗೆಯಾಗಲಿ ತಂದೆಗೆ ಹೊರತು ತನಗೂ ತಿಳಿಯದೆಂದು ಯೇಸು ಹೇಳಿದ್ದನ್ನು ಮಾರ್ಕನು ದಾಖಲಿಸಿದ್ದಾನೆ. ಪ್ರಭು ಬಂದೇಬಿಟ್ಟನೆಂದು ಕೆಲಸ ಬಿಟ್ಟು ಕುಳಿತ ಥೆಸಲೋನಿಕದವರನ್ನು ಪೌಲನು ಗದರಿಸಿದ್ದಾನೆ. ಆಮೋಸ, ಮೀಕ, ಯೆರೆಮೀಯರು ತಮ್ಮ ಕಾಲದ ಅರಸರ ಅನ್ಯಾಯವನ್ನು, ತೂಕದ ಮೋಸವನ್ನು, ವಿಧವೆಯರ ಶೋಷಣೆಯನ್ನು ಎತ್ತಿ ಹೇಳಿದವರು. ಮುಂದಿನ ಮಾತನ್ನು ಅವರು ಆಡಿದ್ದು ಬಹುತೇಕ ಇಂದಿನ ನಡತೆಯನ್ನು ತಿದ್ದುವುದಕ್ಕಾಗಿ. ಆ ನಾಡೂ ನ್ಯಾಯದ ಷರತ್ತಿಗೆ ಒಳಪಟ್ಟಿದೆ ಎಂಬುದೇ ಅವರ ಎಚ್ಚರಿಕೆಯಾಗಿತ್ತು. ಮತ್ತಾಯನ 25ನೇ ಅಧ್ಯಾಯದ ಅಂತಿಮ ತೀರ್ಪಿನಲ್ಲಿ ಯಾರಿಗೂ ಕಾಲಗಣನೆಯ ಪ್ರಶ್ನೆ ಇಲ್ಲ. ಹಸಿದವರಿಗೆ ಉಣಿಸಿದೆಯಾ, ಪರದೇಶಿಯನ್ನು ಸೇರಿಸಿಕೊಂಡೆಯಾ, ಸೆರೆಯಲ್ಲಿದ್ದವರನ್ನು ನೋಡಲು ಹೋದೆಯಾ ಎಂಬಷ್ಟೇ ಪ್ರಶ್ನೆಗಳು.

ಕ್ರೈಸ್ತರು ರಾಜಕೀಯದಿಂದ ದೂರವಿರಬೇಕೆಂದು ನಾನು ಹೇಳುತ್ತಿಲ್ಲ. 1974ರಲ್ಲಿ ಲೊಸಾನ್ ನಗರದಲ್ಲಿ ಸೇರಿದ ಇವಾಂಜೆಲಿಕಲ್ ನಾಯಕರು, ಸುವಾರ್ತೆ ಸಾರುವುದೂ ಸಾಮಾಜಿಕ, ರಾಜಕೀಯ ಹೊಣೆಯೂ ಎರಡೂ ಕ್ರೈಸ್ತನ ಕರ್ತವ್ಯವೆಂದು ಒಪ್ಪಿಕೊಂಡರು; ಮನುಷ್ಯ ತನ್ನ ಬಲದಿಂದ ಭೂಮಿಯ ಮೇಲೆ ಸ್ವರ್ಗ ಕಟ್ಟಬಲ್ಲನೆಂಬ ಅಹಂಕಾರವನ್ನೂ ನಿರಾಕರಿಸಿದರು. ಈ ಎರಡೂ ಮಾತುಗಳನ್ನು ಒಟ್ಟಿಗೆ ಹಿಡಿದಿಟ್ಟುಕೊಂಡರೆ ಯಾವ ನಾಯಕನೂ ಕೋರೆಷನಾಗುವುದಿಲ್ಲ, ಯಾವ ರಾಷ್ಟ್ರವೂ ಮೃಗವಾಗುವುದಿಲ್ಲ. ಇಬ್ಬರನ್ನೂ ಒಂದೇ ನ್ಯಾಯದ ತಕ್ಕಡಿಯಲ್ಲಿ ತೂಗಬೇಕಾಗುತ್ತದೆ.

ಆದ್ದರಿಂದ ನನ್ನ ಸಹವಿಶ್ವಾಸಿಗಳಲ್ಲಿ ಒಂದು ಬೇಡಿಕೆ ಇದೆ. ಮಧ್ಯಪ್ರಾಚ್ಯದಿಂದ ಮುಂದಿನ ಯುದ್ಧದ ಸುದ್ದಿ ಬಂದಾಗ, ಯಾವ ವಚನ ನೆರವೇರಿತು ಎಂದು ಪುಟ ತಿರುವುವ ಮೊದಲು, ಸತ್ತವರು ಯಾರು ಎಂದು ಕೇಳಿರಿ. ಅವರಲ್ಲಿ ಯೆಹೂದ್ಯರಿರಬಹುದು, ಮುಸ್ಲಿಮರಿರಬಹುದು, ನಮ್ಮದೇ ವಿಶ್ವಾಸದವರೂ ಇರಬಹುದು. ಆ ಭಾನುವಾರದ ಆರಾಧನೆಯಲ್ಲಿ ಅವರೆಲ್ಲರಿಗಾಗಿ ಪ್ರಾರ್ಥಿಸಿರಿ. ಬರುವಾತನು ಬರುವ ದಿನವನ್ನು ಆತನಿಗೇ ಬಿಟ್ಟುಬಿಡಿರಿ.