ಅಟ್ಲಾಸ್ ಹೊತ್ತದ್ದು ಭೂಮಿಯನ್ನಲ್ಲ

ನಕ್ಷೆಗಳ ಪುಸ್ತಕಕ್ಕೆ ಅಟ್ಲಾಸ್ ಎಂಬ ಹೆಸರು ಹೇಗೆ ಬಂತು ಎಂದು ಕೇಳಿದರೆ ಸಿಗುವ ಸಿದ್ಧ ಉತ್ತರ ಒಂದಿದೆ: ಗ್ರೀಕ್ ಪುರಾಣದ ಅಟ್ಲಾಸ್ ಭೂಮಿಯನ್ನು ಹೆಗಲ ಮೇಲೆ ಹೊತ್ತಿದ್ದನಂತೆ, ಅದಕ್ಕೇ ಆ ಹೆಸರು. ಈ ಉತ್ತರದಲ್ಲಿ ಎರಡು ತಪ್ಪುಗಳಿವೆ.

ಅವನು ಹೊತ್ತದ್ದು ಆಕಾಶವನ್ನು. ಟೈಟನ್ನರೆಂಬ ಹಳೆಯ ದೇವತೆಗಳ ಜತೆ ಸೇರಿ ದೇವರಾಜ ಜ್ಯೂಸ್‌ನ ವಿರುದ್ಧ ಕಾದಾಡಿ ಸೋತದ್ದಕ್ಕೆ ಸಿಕ್ಕ ಶಿಕ್ಷೆ ಅದು. ಇಟಲಿಯ ನೇಪಲ್ಸ್‌ನ ವಸ್ತುಸಂಗ್ರಹಾಲಯದಲ್ಲಿ ಅವನದೊಂದು ಅಮೃತಶಿಲೆಯ ವಿಗ್ರಹವಿದೆ. ಮಂಡಿಯೂರಿ, ಕತ್ತು ಬಗ್ಗಿಸಿ, ದೊಡ್ಡದೊಂದು ಗೋಳ ಹೊತ್ತಿದ್ದಾನೆ. ಆ ಗೋಳದ ಮೇಲೆ ದೇಶಗಳೂ ಇಲ್ಲ, ಸಮುದ್ರಗಳೂ ಇಲ್ಲ. ಅಲ್ಲಿರುವುದು ಗೂಳಿ, ಸಿಂಹ, ಹಡಗು ಮುಂತಾದ ನಕ್ಷತ್ರಪುಂಜಗಳ ಉಬ್ಬುಚಿತ್ರಗಳು.

ಎರಡನೆಯ ತಪ್ಪು ಇನ್ನೂ ಸ್ವಾರಸ್ಯದ್ದು. ನಕ್ಷೆಗಳ ಸಂಗ್ರಹಕ್ಕೆ ಮೊದಲು ಈ ಹೆಸರಿಟ್ಟವನು ನಕ್ಷೆಗಾರ ಮರ್ಕೇಟರ್. ಅವನು ತೀರಿಕೊಂಡ ಮರುವರ್ಷ, 1595ರಲ್ಲಿ, ಆ ಪುಸ್ತಕ ಅಚ್ಚಾಯಿತು. ಅವನ ಮನಸ್ಸಿನಲ್ಲಿದ್ದದ್ದು ಶಿಕ್ಷೆ ಅನುಭವಿಸುತ್ತಿದ್ದ ಟೈಟನ್ ಅಲ್ಲ. ಉತ್ತರ ಆಫ್ರಿಕದ ಮಾರೆಟಾನಿಯ ನಾಡಿನ ದೊರೆಯೆಂದು ಐತಿಹ್ಯ ಹೇಳುವ, ಖಗೋಳ ಬಲ್ಲ ಇನ್ನೊಬ್ಬ ಅಟ್ಲಾಸ್.

ಇಂಗ್ಲಿಷಿಗೆ ಬಂದ ಎಷ್ಟೋ ಪುರಾಣದ ಪದಗಳ ಕತೆ ಹೀಗೆಯೇ. ಅವು ಗ್ರೀಸಿನಿಂದ ನೇರ ಬಂದವಲ್ಲ. ನಡುವೆ ಒಬ್ಬ ಅನುವಾದಕನೋ, ಕಾದಂಬರಿಕಾರನೋ, ರಸಾಯನ ವಿಜ್ಞಾನಿಯೋ ನಿಂತಿರುತ್ತಾನೆ. ಪದಕ್ಕೆ ಈಗಿರುವ ರೂಪವೋ ಅರ್ಥವೋ ಬಹುಪಾಲು ಅವನು ಕೊಟ್ಟದ್ದು. ತೆರೆದೊಡನೆ ಲೋಕದ ಕೇಡುಗಳೆಲ್ಲ ಹೊರಬಿದ್ದ ಪಂಡೋರಾಳ ಪೆಟ್ಟಿಗೆ ಎಂಬ ಮಾತನ್ನೇ ನೋಡಿ. ಹೆಸಿಯಡ್ ಕವಿ ಹೇಳಿದ್ದು ಎಣ್ಣೆ, ದ್ರಾಕ್ಷಾರಸ, ಧಾನ್ಯ ತುಂಬಿಡುವ ದೊಡ್ಡ ಮಣ್ಣಿನ ಗುಡಾಣ. 16ನೇ ಶತಮಾನದಲ್ಲಿ ವಿದ್ವಾಂಸ ಇರಾಸ್ಮಸ್ ಈ ಕತೆಯನ್ನು ಲ್ಯಾಟಿನ್ನಿನಲ್ಲಿ ಬರೆಯುವಾಗ ಅದು ಪೆಟ್ಟಿಗೆಯಾಯಿತು, ಇವತ್ತಿಗೂ ಪೆಟ್ಟಿಗೆಯೇ. ಕಂಪನಿಗಳಲ್ಲೂ ಕಾಲೇಜುಗಳಲ್ಲೂ ಈಗ ದಿನಬಳಕೆಯಾಗಿರುವ ಮೆಂಟರ್ ಪದ ಹೋಮರನ ಒಡಿಸ್ಸಿ ಕಾವ್ಯದ ಒಬ್ಬ ಮುದುಕನ ಹೆಸರು. ಅಲ್ಲಿ ಅವನಿಂದಾದ ಉಪಕಾರ ಅಷ್ಟಕ್ಕಷ್ಟೇ. ಬುದ್ಧಿ ಹೇಳುವವಳು ಅವನ ವೇಷದಲ್ಲಿ ಬರುವ ಅಥೀನಾ ದೇವಿ. 1699ರಲ್ಲಿ ಫ್ರಾನ್ಸಿನ ಫೆನೆಲೋನ್ ಬರೆದ ಕಾದಂಬರಿ ಆ ಮುದುಕನನ್ನು ಆದರ್ಶ ಗುರುವಾಗಿಸಿತು.

ನನಗೆ ಎಲ್ಲಕ್ಕಿಂತ ಹಿಡಿಸುವುದು ಟ್ಯಾಂಟಲಸ್‌ನ ಹೆಸರು ಮಾಡಿದ ಪ್ರಯಾಣ. ಇವನು ದೇವತೆಗಳ ಪಂಕ್ತಿಯಲ್ಲಿ ಉಣ್ಣುತ್ತಿದ್ದ ಅರಸ. ದೇವತೆಗಳನ್ನು ಪರೀಕ್ಷಿಸಲು ಹೆತ್ತ ಮಗನನ್ನೇ ಕೊಂದು, ಬೇಯಿಸಿ ಬಡಿಸಿದನೆಂದು ಒಂದು ಕತೆ. ಪಾತಾಳದಲ್ಲಿ ಅವನಿಗಾದ ಶಿಕ್ಷೆಯನ್ನು ಹೋಮರ್ ಕಣ್ಣಿಗೆ ಕಟ್ಟುವಂತೆ ಹೇಳುತ್ತಾನೆ. ಗದ್ದದ ಮಟ್ಟ ನೀರು, ಬಗ್ಗಿದರೆ ನೀರು ಇಂಗಿ ಕಾಲಡಿಯಲ್ಲಿ ಕಪ್ಪು ನೆಲ. ತಲೆಯ ಮೇಲೆ ದಾಳಿಂಬೆ, ಅಂಜೂರ. ಕೈ ಚಾಚಿದರೆ ಗಾಳಿ ಬೀಸಿ ಹಣ್ಣೆಲ್ಲ ಮೋಡದತ್ತ. ಆಸೆ ತೋರಿಸಿ ಸತಾಯಿಸುವುದಕ್ಕೆ ಇಂಗ್ಲಿಷಿನವರು ಟ್ಯಾಂಟಲೈಸ್ ಎನ್ನುವುದು ಇದರಿಂದ. 1802ರಲ್ಲಿ ಸ್ವೀಡನ್ನಿನ ಎಕೆಬರ್ಗ್ ಹೊಸ ಲೋಹವೊಂದನ್ನು ಕಂಡುಹಿಡಿದ. ಅದರ ಆಕ್ಸೈಡನ್ನು ಎಷ್ಟು ಆಮ್ಲದಲ್ಲಿ ಮುಳುಗಿಸಿದರೂ ಒಂದಿಷ್ಟನ್ನೂ ಹೀರಿಕೊಳ್ಳದು! ನೀರಲ್ಲಿದ್ದೂ ಕುಡಿಯಲಾಗದವನ ಹೆಸರೇ ಸರಿಯೆಂದು ಟ್ಯಾಂಟಲಮ್ ಎಂದು ಕರೆದ. ಅದರ ಜತೆಯಲ್ಲೇ ಬೆರೆತಿರುವ ಇನ್ನೊಂದು ಲೋಹಕ್ಕೆ 1844ರಲ್ಲಿ ಜರ್ಮನಿಯ ಹೈನ್ರಿಖ್ ರೋಸ್ ಟ್ಯಾಂಟಲಸ್‌ನ ಮಗಳು ನಿಯೋಬಿಯ ಹೆಸರಿಟ್ಟ. ಮೊಬೈಲು, ಲ್ಯಾಪ್‌ಟಾಪುಗಳ ಪುಟ್ಟ ಕೆಪಾಸಿಟರುಗಳಲ್ಲಿ ಟ್ಯಾಂಟಲಮ್ ಬಳಕೆಯಲ್ಲಿದೆ.

ವೈದ್ಯರ ಅಟ್ರೋಪಿನ್ ಇನ್ನೊಂದು ವಿಚಿತ್ರ. ನಮ್ಮಲ್ಲಿ ಹಣೆಬರಹವಾದರೆ ಗ್ರೀಕರಲ್ಲಿ ನೂಲು: ಮೂವರು ದೇವಿಯರಲ್ಲಿ ಒಬ್ಬಳು ಆಯುಸ್ಸಿನ ನೂಲು ತೆಗೆಯುತ್ತಾಳೆ, ಇನ್ನೊಬ್ಬಳು ಅಳೆಯುತ್ತಾಳೆ, ಅಟ್ರೊಪಾಸ್ ಕತ್ತರಿಸುತ್ತಾಳೆ. ಕಪ್ಪಗೆ ಹೊಳೆಯುವ ವಿಷದ ಹಣ್ಣು ಬಿಡುವ ಯುರೋಪಿನ ಬೆಲಡೋನ ಗಿಡದ ಕುಲಕ್ಕೆ ಸಸ್ಯವಿಜ್ಞಾನಿ ಲಿನೇಯಸ್ ಅವಳ ಹೆಸರು ಕೊಟ್ಟ. ಆ ಗಿಡದ ಸಾರದಿಂದ ಸಿಕ್ಕ ಅಟ್ರೋಪಿನ್ ಈಗ ಕೀಟನಾಶಕ ಹೊಟ್ಟೆ ಸೇರಿದವರನ್ನು ಉಳಿಸಲು ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಚುಚ್ಚುಮದ್ದು. ನೂಲು ಕತ್ತರಿಸುವವಳ ಹೆಸರಿನ ಔಷಧಿ ನೂಲನ್ನು ಕಾಯುತ್ತಿದೆ.

ಗ್ರೀಕರೇ ಪದವಾಗಿಸಿ ಕೊಟ್ಟದ್ದೂ ಇದೆ. ಪ್ಯಾನಿಕ್ ಅಂಥದ್ದು. ಮೇಕೆಗಾಲಿನ ಪ್ಯಾನ್ ಕುರಿಗಾಹಿಗಳ ದೇವರು. ಕಾರಣವಿಲ್ಲದೆ ಹಿಂಡು ಬೆದರಿದರೆ, ಪಡೆ ಚೆದುರಿದರೆ ಅದು ಅವನ ಕಿತಾಪತಿ. ಕ್ರಿ.ಪೂ. 279ರಲ್ಲಿ ಡೆಲ್ಫಿಯ ಮೇಲೆ ದಂಡೆತ್ತಿ ಬಂದ ಗಾಲ್ ಸೈನಿಕರಿಗೆ ರಾತ್ರಿ ಹೀಗೇ ಆಯಿತೆಂದು ಗ್ರೀಕ್ ಪ್ರವಾಸಿ ಲೇಖಕ ಪೌಸೇನಿಯಸ್ ಬರೆದಿದ್ದಾನೆ. ತಮ್ಮವರ ಮಾತೇ ಗ್ರೀಕಿನಂತೆ ಕೇಳಿಸಿ ಒಬ್ಬರನ್ನೊಬ್ಬರು ಕಡಿದುಕೊಂಡರಂತೆ.

ಗ್ರೀಕ್ ಪುರಾಣದಿಂದ ಬಂದ ಪದಗಳ ಪಟ್ಟಿ ಎಲ್ಲಿ ಕಂಡರೂ ಸ್ವಲ್ಪ ಜಾಗ್ರತೆ ಇರಲಿ. ಪ್ಯಾನ್‌ಗೆ ಹೆದರಿ ಜೊಂಡಾದ ಸಿರಿಂಕ್ಸ್ ಎಂಬ ಅಪ್ಸರೆಯಿಂದ ಸಿರಿಂಜ್ ಪದ ಬಂತು ಎನ್ನುತ್ತಾರೆ. ಸಿರಿಂಕ್ಸ್ ಎಂದರೆ ಗ್ರೀಕಿನಲ್ಲಿ ಕೊಳವೆ, ಕೊಳಲು. ಸಿರಿಂಜ್‌ಗೆ ಆ ಅರ್ಥವೇ ಸಾಕು, ಅಪ್ಸರೆಯ ಹಂಗು ಬೇಕಿಲ್ಲ. ಸೀರಿಯಲ್, ವೋಲ್ಕೇನೊಗಳನ್ನಂತೂ ಆ ಪಟ್ಟಿಯಿಂದ ಹೊಡೆದುಹಾಕಿ. ಸೀರೀಸ್, ವಲ್ಕನ್ ಇಬ್ಬರೂ ರೋಮನ್ನರ ದೇವತೆಗಳು.