ತಲಕಾವೇರಿ: ಯಾತ್ರೆಯ ಆಕರ್ಷಣೆ ಮತ್ತು ಅದರ ನೆಲೆ

ಕೊಡಗಿನ ಬ್ರಹ್ಮಗಿರಿಯ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,276 ಮೀಟರ್ ಎತ್ತರದಲ್ಲಿರುವ ತಲಕಾವೇರಿಯು ಕಾವೇರಿಯ ಉಗಮಸ್ಥಾನವೆಂದು ಪೂಜೆಗೊಳ್ಳುತ್ತಿರುವ ಕ್ಷೇತ್ರ. ಸುಮಾರು 800 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಯನ್ನು ಸೇರುವ ಮಹಾನದಿಯ ಮೂಲವನ್ನು ಅರಸಿ ಬಂದವರಿಗೆ ಇಲ್ಲಿ ಗೋಚರಿಸುವುದು ಬ್ರಹ್ಮಕುಂಡಿಕೆಯೆಂಬ ಪುಟ್ಟ ಕುಂಡ ಹಾಗೂ ಅದರ ಮುಂದಿನ ಕಲ್ಯಾಣಿ ಮಾತ್ರ. ಮಳೆಗಾಲವನ್ನುಳಿದರೆ ಕಣ್ಣಿಗೆ ಕಾಣುವ ಹರಿವಿಲ್ಲ. ನೀರು ನೆಲದಡಿಯಲ್ಲಿ ಸಾಗಿ ಕೆಳಗೆ ಪ್ರಕಟವಾಗುತ್ತದೆಂಬುದು ನಂಬಿಕೆ. ಆದ್ದರಿಂದ ಈ ಬೆಟ್ಟದ ಆಕರ್ಷಣೆಯನ್ನು ದೃಶ್ಯವೈಭವದಲ್ಲಷ್ಟೇ ಅರಸುವುದು ಸಮರ್ಪಕವಲ್ಲ.

ಆ ಆಕರ್ಷಣೆಯ ಕೇಂದ್ರ ತುಲಾ ಸಂಕ್ರಮಣ. ಸಾಮಾನ್ಯವಾಗಿ ಅಕ್ಟೋಬರ್ 17 ಅಥವಾ 18ರಂದು ಬರುವ ಈ ಪರ್ವದ ಮುಹೂರ್ತ ಕೆಲವು ವರ್ಷ ಹಗಲಿನಲ್ಲಿ, ಕೆಲವು ವರ್ಷ ನಡುರಾತ್ರಿಯಲ್ಲಿ ಒದಗುತ್ತದೆ. ಭಕ್ತರು ಮೊದಲು ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ ಹಾಗೂ ಗುಪ್ತಗಾಮಿನಿಯೆನಿಸಿದ ಸುಜ್ಯೋತಿಯರ ಸಂಗಮದಲ್ಲಿ ಮಿಂದು, ಭಗಂಡೇಶ್ವರನ ದರ್ಶನ ಪಡೆದು, ಅಲ್ಲಿಂದ ಸುಮಾರು 8 ಕಿಲೋಮೀಟರ್ ದೂರದ ತಲಕಾವೇರಿಯನ್ನು ಸೇರುತ್ತಾರೆ. ಅಗಸ್ತ್ಯರ ಕಮಂಡಲುವಿನಿಂದ ನದಿಯಾಗಿ ಹರಿದ ಕಾವೇರಿಯು ವರ್ಷಕ್ಕೊಮ್ಮೆ ಕುಂಡಿಕೆಯಲ್ಲಿ ಮೈದೋರುತ್ತಾಳೆಂಬ ನಂಬಿಕೆಯೇ ತೀರ್ಥೋದ್ಭವದ ತಳಹದಿ. ಜನ ಇಲ್ಲಿಗೆ ಬರುವುದು ನೋಡುವುದಕ್ಕಿಂತ ಹೆಚ್ಚಾಗಿ ಕಾಯುವುದಕ್ಕೆ.

ಯಾತ್ರೆ ಬೆಟ್ಟದ ಮೇಲೆ ಮುಗಿಯುವುದಿಲ್ಲವೆಂಬುದು ಗಮನಾರ್ಹ. ಸಂಕ್ರಮಣದಂದು ಕೊಡವ ಮನೆಗಳಲ್ಲಿ ತೆಂಗಿನಕಾಯಿ ಅಥವಾ ಸೌತೆಕಾಯಿಗೆ ಕೆಂಪು ರೇಷ್ಮೆ, ಆಭರಣಗಳನ್ನು ತೊಡಿಸಿ ಕಾವೇರಿಯೆಂದು ಪೂಜಿಸುವ ಕಣಿಪೂಜೆ ನಡೆಯುತ್ತದೆ. ಬೆಟ್ಟದಿಂದ ತಂದ ತೀರ್ಥವನ್ನು ಮನೆಯಲ್ಲಿ ಜೋಪಾನವಾಗಿಟ್ಟು, ಕೊನೆಯುಸಿರೆಳೆಯುವವರ ಬಾಯಿಗೆ ಹನಿಸುವ ವಾಡಿಕೆಯಿದೆ. ಸ್ತ್ರೀಯರು ಸೀರೆಯ ನೆರಿಗೆಯನ್ನು ಹಿಂದಕ್ಕೆ ಉಡುವ ರೂಢಿಗೂ ಬಲಮುರಿಯಲ್ಲಿ ಕಾವೇರಿಯ ಪ್ರವಾಹದ ರಭಸವೇ ಕಾರಣವೆಂದು ಐತಿಹ್ಯ ಹೇಳುತ್ತದೆ. ಹೀಗೆ ಉಡುಗೆ, ಹಬ್ಬ, ಮರಣ ಇವೆಲ್ಲವುಗಳೊಂದಿಗೆ ಬೆಸೆದುಕೊಂಡಿರುವುದರಿಂದಲೇ ತಲಕಾವೇರಿಯು ದೂರದ ಕ್ಷೇತ್ರವೆನಿಸದೆ ಮನೆಯ ಮುಂದುವರಿಕೆಯೆನಿಸಿದೆ.

ಈ ಬಾಂಧವ್ಯಕ್ಕೆ ಆಧಾರವಾದ ನೆಲ ಮಾತ್ರ ದುರ್ಬಲವಾಗಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಹಲವೆಡೆ ಭೂಕುಸಿತಗಳು ಸಂಭವಿಸಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟವೇ ಕುಸಿದು, ಅರ್ಚಕರ ಮನೆಗಳು ಮಣ್ಣಿನಡಿ ಹೂತುಹೋಗಿ ಜೀವಹಾನಿಯಾಯಿತು. ಅತಿವೃಷ್ಟಿಯ ಜೊತೆಗೆ, ಇಳಿಜಾರನ್ನು ಕಡಿದು ಸಮಗೊಳಿಸುವುದರಿಂದಲೂ ನೀರಿನ ಸಹಜ ಹಾದಿ ತಡೆಗೊಳ್ಳುವುದರಿಂದಲೂ ಇಂತಹ ಮಣ್ಣು ಸಡಿಲಗೊಳ್ಳುತ್ತದೆ. ದೇವರಕಾಡುಗಳ ಮೂಲಕ ಕೊಡಗಿನ ಪರಂಪರೆಯು ಒಂದು ವಿವೇಕವನ್ನು ಕಲಿಸಿದೆ: ಪವಿತ್ರವಾದುದನ್ನು ಮುಟ್ಟದೆ ಉಳಿಸುವುದೂ ಆರಾಧನೆಯೇ. ಕುಂಡಿಕೆಗೆ ಸಲ್ಲುವ ಆ ಭಯಭಕ್ತಿ ಅದನ್ನು ಹೊತ್ತ ಬೆಟ್ಟಕ್ಕೂ ಸಲ್ಲಬೇಕು. ಹೆಚ್ಚುತ್ತಿರುವ ವಸತಿ, ವಾಹನ, ರಸ್ತೆಗಳಿಗೆ ಮಿತಿಯನ್ನು ನಿಗದಿಗೊಳಿಸುವುದು ಯಾತ್ರೆಗೆ ಒಡ್ಡುವ ಅಡ್ಡಿಯಲ್ಲ. ಯಾತ್ರೆ ಮುಂದುವರಿಯಲು ಅದು ಅಗತ್ಯ.